ನೆಂಟರ ಕಸ

ಪ್ಲಾಂಟಿನಲ್ಲಿ ಅವಳನ್ನು ಎಲ್ಲರೂ ಫೋಟೋ ಅಕ್ಕ ಎನ್ನುತ್ತಿದ್ದರು. ಹಾಗೆನ್ನಲು ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಗೇಟಿನ ಮೇಲೆ, ಎರಡು ದೇಶಗಳ ಬಾವುಟಗಳ ನಡುವೆ, ಅವಳದೇ ಮುಖ ಬಾಗಿಲಿನಷ್ಟು ದೊಡ್ಡದಾಗಿ ನಗುತ್ತಿತ್ತು. ತಲೆಗೆ ಹಳದಿ ಟೋಪಿ, ಕೈಗೆ ಹಳದಿ ಗವಸು, ಬಾಯಿ ತುಂಬ ಹಲ್ಲು. ಆ ನಗುವಿನ ಕಥೆ ಗೊತ್ತಿದ್ದವರು ಮಾತ್ರ ಕಡಿಮೆ. ಹೊರದೇಶದಿಂದ ಬಂದ ಫೋಟೋಗ್ರಾಫರ್ ಅವಳನ್ನು ಚೆನ್ನಾಗಿ ಹಿಡಿಯಬೇಕೆಂದು ಹಿಂದೆ ಹಿಂದೆ ಸರಿಯುತ್ತ, ಕೊನೆಗೆ ಕ್ಯಾಮೆರಾ ಸಮೇತ ಕಸದ ಹೊಂಡಕ್ಕೆ ಬಿದ್ದಿದ್ದ. ಅವನು ತೂರಾಡಿದ ಗಳಿಗೆಯಲ್ಲಿ ಅವಳು ತಡೆಯಲಾರದೆ ನಕ್ಕದ್ದು ಕ್ಯಾಮೆರಾದೊಳಗೆ ಉಳಿಯಿತು. ಅದೇ ಎರಡು ದೇಶಗಳ ಸ್ನೇಹದ ಗುರುತಾಗಿ ಗೇಟು ಹತ್ತಿತು.

ಪ್ಲಾಂಟು ಆ ಸ್ನೇಹದ ಕೂಸು. ದೂರದ ದೇಶದವರು ಮಿಷನ್ನು ಕೊಟ್ಟರು, ಇಲ್ಲಿಯವರು ಜಾಗ ಕೊಟ್ಟರು. ಊರಿನ ಕಸವೆಲ್ಲ ಹೊಂಡಕ್ಕೆ ಬಿದ್ದು, ಅಲ್ಲಿಂದ ಒಂದು ಉದ್ದನೆಯ ರಬ್ಬರ್ ಬೆಲ್ಟಿನ ಮೇಲೆ ಸಾಲಾಗಿ ಬರುತ್ತದೆ, ಇಕ್ಕೆಲದಲ್ಲಿ ನಿಂತ ಹೆಂಗಸರು ಪ್ಲಾಸ್ಟಿಕ್ಕು, ಕಾಗದ, ತಗಡು ಎಂದು ಆರಿಸುತ್ತಾರೆ, ಹಸಿ ಕಸ ಗೊಬ್ಬರಕ್ಕೆ ಹೋಗುತ್ತದೆ, ಹಿಂದಿರುವ ಕಸದ ಗುಡ್ಡ ದಿನೇ ದಿನೇ ಕರಗುತ್ತದೆ. ಹೇಳುವುದಕ್ಕೆ ಎಷ್ಟು ಚೆಂದ! ಆದರೆ ಆ ಮಿಷನ್ನು ಆ ದೇಶದ ಕಸಕ್ಕಾಗಿ ಹುಟ್ಟಿದ್ದು. ಅಲ್ಲಿಯ ಜನ ಕಸವನ್ನು ಮನೆಯಲ್ಲೇ ಬೇರೆ ಮಾಡಿ, ಒಣಗಿಸಿ, ಚೀಲಕ್ಕೆ ಹಾಕಿ ಕೊಡುತ್ತಾರಂತೆ. ಇಲ್ಲಿಯ ಕಸದಲ್ಲಿ ಅನ್ನದ ಜೊತೆ ಮರಳು, ಮರಳಿನ ಜೊತೆ ಗಾಜು, ಗಾಜಿನ ಜೊತೆ ಹರಿದ ಚಪ್ಪಲಿ, ಎಲ್ಲ ನೆನೆದು ಒಂದೇ ಮುದ್ದೆ. ಮೊದಲ ಸಲ ಇಲ್ಲಿಯ ಸರ್ಕಾರದ ದೊಡ್ಡ ಅತಿಥಿಗಳು ಬಂದ ದಿನ ಒಂದು ಹಳೆಯ ಹಾಸಿಗೆ ಮಿಷನ್ನಿನ ಗಂಟಲಲ್ಲಿ ಸಿಕ್ಕಿಕೊಂಡಿತು. ಅದರ ಹಿಂದೆಯೇ ಒಂದು ಸತ್ತ ನಾಯಿ ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಮೆರವಣಿಗೆ ಬಂದಂತೆ ಬಂತು. ಅತಿಥಿಗಳಲ್ಲೊಬ್ಬರು ತಮ್ಮ ಟೋಪಿಯೊಳಗೇ ವಾಂತಿ ಮಾಡಿಕೊಂಡರು.

ಪ್ಲಾಂಟಿನ ಮ್ಯಾನೇಜರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನವರೆಂದರೆ ಕೈಕಾಲು ತಣ್ಣಗಾಗುವ ಜಾತಿ. ಅವತ್ತು ಮರ್ಯಾದೆ ಹೋದ ಮೇಲೆ ಅವರ ತಲೆಯಲ್ಲಿ ಹೊಳೆದದ್ದೇ ನೆಂಟರ ಕಸ.

ನೆಂಟರ ಕಸವೆಂದರೆ ಅತಿಥಿಗಳಿಗೆ ತೋರಿಸುವುದಕ್ಕೆಂದೇ ಸಾಕಿಕೊಂಡ ಕಸ. ಸೋಪು ಹಾಕಿ ತೊಳೆದ ಬಾಟಲಿಗಳು, ಬಿಸಿಲಿಗೆ ಒಣಗಿಸಿದ ರಟ್ಟು, ಚೂಪು ತುದಿ ತಟ್ಟಿ ಮಟ್ಟ ಮಾಡಿದ ಡಬ್ಬಿಗಳು. ಇವೆಲ್ಲ ಪ್ಲಾಂಟಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಚೀಲ ತುಂಬಿ ಕೂತಿದ್ದವು. ನೆಂಟರು ಬರುವ ದಿನ ಬೆಳಗ್ಗೆ ಮಾರ್ಕೆಟ್ಟಿನಿಂದ ತಾಜಾ ತರಕಾರಿ ಸಿಪ್ಪೆ ತಂದು ಅದಕ್ಕೆ ಬೆರೆಸಿದರೆ ಮುಗಿಯಿತು. ಬೆಲ್ಟು ಹಂಸದಂತೆ ತೇಲುತ್ತಿತ್ತು, ನೆಂಟರು ತಲೆದೂಗುತ್ತಿದ್ದರು, ಫೋಟೋ ಅಕ್ಕ ಗೇಟಿನ ಮೇಲಿನ ನಗುವನ್ನೇ ಮುಖಕ್ಕೆ ತಂದುಕೊಂಡು ಆರಿಸುತ್ತಿದ್ದಳು. ಅವರ ಕಾರು ತಿರುವು ದಾಟಿದ್ದೇ ತಡ, ಬೆಲ್ಟು ನಿಲ್ಲುತ್ತಿತ್ತು. ಊರಿನ ಲಾರಿಗಳು ಎಂದಿನಂತೆ ಪ್ಲಾಂಟಿನ ಪಕ್ಕದ ದಾರಿಯಲ್ಲಿ ಹೋಗಿ ನೇರ ಗುಡ್ಡಕ್ಕೇ ಸುರಿಯುತ್ತಿದ್ದವು.

ಈ ಕಸದ ಉಸ್ತುವಾರಿ ಫೋಟೋ ಅಕ್ಕನದು. ತೊಳೆಯುವುದು, ಒಣಗಿಸುವುದು, ಇಲಿಯಿಂದ ಕಾಯುವುದು. ಆರಿಸಿ ಬೇರೆ ಮಾಡಿದ್ದನ್ನು ಮುಂದಿನ ನೆಂಟರಿಗಾಗಿ ಮತ್ತೆ ಬೆರೆಸಿಡುವುದೂ ಅವಳದೇ ಕೆಲಸ. ಮುಚ್ಚಳವಿಲ್ಲದ ನೀಲಿ ಶಾಂಪೂ ಬಾಟಲಿ, ಮೂರೇ ಕಾಲಿನ ಕೆಂಪು ಪ್ಲಾಸ್ಟಿಕ್ ಕುದುರೆ, ತೂತು ಬಿದ್ದ ಕೆಟಲು, ಒಂದೊಂದೂ ಅವಳಿಗೆ ನೆರೆಮನೆಯವರಷ್ಟು ಪರಿಚಯ. ವರ್ಷಗಳಿಂದ ಅವೇ ಬರುತ್ತಿದ್ದವು, ಅವಳು ಅವನ್ನೇ ಎತ್ತಿ ಅದೇ ಡಬ್ಬಕ್ಕೆ ಹಾಕುತ್ತಿದ್ದಳು. ಒಮ್ಮೊಮ್ಮೆ ಬೆಲ್ಟಿನ ಮೇಲೆ ಸುತ್ತುತ್ತಿರುವುದು ತಾನೇ ಅನ್ನಿಸಿ, ನಿಂತಲ್ಲೇ ತಲೆ ತಿರುಗಿ, ಕಂಬ ಹಿಡಿದುಕೊಳ್ಳುತ್ತಿದ್ದಳು.

ಬೇಸರ ಬಂದರೆ ನುಂಗಿಕೊಳ್ಳಬಹುದು, ಎಷ್ಟು ಜನ ನುಂಗಿಕೊಂಡಿಲ್ಲ! ಅವಳ ಕಷ್ಟ ಬೇಸರದ್ದಲ್ಲ, ಗಂಡನ ಉಸಿರಿನದು.

ಗಂಡ ಆ ಗುಡ್ಡದ ಮೇಲೆಯೇ ಡೋಜರ್ ಓಡಿಸುತ್ತಿದ್ದವನು. ಲಾರಿಗಳು ಸುರಿದದ್ದನ್ನು ತಳ್ಳಿ, ತುಳಿದು, ಗುಡ್ಡಕ್ಕೆ ಗುಡ್ಡದ ಆಕಾರ ಕೊಟ್ಟವನೇ ಅವನು. ಬೇಸಿಗೆ ಬಂದರೆ ಗುಡ್ಡ ಒಳಗೊಳಗೇ ಹೊತ್ತಿಕೊಂಡು ವಾರಗಟ್ಟಲೆ ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಕೂತು ಕೂತು ಅವನ ಎದೆಗೂಡು ಕೆಟ್ಟಿತು. ಈಗ ಬಚ್ಚಲಿಗೆ ಹೋಗಿ ಬಂದರೂ ಗೋಡೆಗೆ ಒರಗಿ ನಿಲ್ಲಬೇಕು. ಅವರ ಕ್ವಾರ್ಟರ್ಸು ಪ್ಲಾಂಟಿನ ಹಿಂಬದಿಗೆ: ಒಂದು ಕೋಣೆ, ಒಂದು ಅಡುಗೆಮನೆ. ಒಂದು ಕಿಟಕಿ ಗುಡ್ಡಕ್ಕೆ ತೆರೆಯುತ್ತಿತ್ತು. ಅದಕ್ಕೆ ಮೊಳೆ ಹೊಡೆದು, ಸಂದಿಗೆ ಒದ್ದೆ ಬಟ್ಟೆ ತುರುಕಿದ್ದರು. ಇನ್ನೊಂದು ಕಿಟಕಿ ತೆರೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪ್ಲಾಂಟಿನ ಗೋಡೆ. ನಡುವೆ ಅವನು, ಮಂಚದ ಮೇಲೆ, ಇಡೀ ದಿನ.

"ಔಷಧಿ ನಾನು ಕೊಡ್ತೀನಮ್ಮಾ," ಡಾಕ್ಟರು ಹೇಳಿದ್ದರು. "ಗಾಳಿ ಎಲ್ಲಿಂದ ತಂದು ಕೊಡ್ಲಿ? ಆ ಗುಡ್ಡದ ಹತ್ರದಿಂದ ಮೊದಲು ಎದ್ದು ಹೋಗಿ."

"ಹೋಗೋಕೆ ಆಗದಿದ್ರೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಬೇಸಿಗೆ ತಡ್ಕೊಳೋದು ಕಷ್ಟ ಆಗತ್ತೆ."

ಎದ್ದು ಹೋಗುವುದೆಲ್ಲಿಗೆ? ಕೆಲಸ ಬಿಟ್ಟರೆ ಕ್ವಾರ್ಟರ್ಸೂ ಬಿಡಬೇಕು. ಅದನ್ನು ಬಿಟ್ಟರೆ ಗುಡ್ಡದ ಬುಡದ ತಗಡಿನ ಗುಡಿಸಲೇ ಗತಿ, ಅಲ್ಲಿ ಹೊಗೆ ಇನ್ನೂ ಹತ್ತಿರ. ಇದ್ದದ್ದು ಒಂದೇ ದಾರಿ. ಊರಿನ ಆ ತುದಿಯಲ್ಲಿ, ಹೊಲಗಳ ಪಕ್ಕ, ಇದೇ ಪ್ಲಾಂಟಿನವರದೇ ಒಂದು ಚಿಕ್ಕ ಒಣಕಸದ ಕೇಂದ್ರವಿತ್ತು. ಮೇಲೆ ಅಲ್ಲಿ ದುಡಿಯುವವರಿಗೆಂದೇ ವಾಸಕ್ಕೆ ಕೋಣೆಗಳು, ನಾಲ್ಕೂ ಕಡೆ ಬಯಲು. ಅಲ್ಲಿಗೆ ವರ್ಗ ಮಾಡಿಕೊಡಿ ಎಂದು ಅವಳು ಸಾಹೇಬರ ಕಾಲಿಗೆ ಬೀಳುವುದೊಂದು ಬಾಕಿ.

"ಮಾಡಿಕೊಡೋಣಮ್ಮಾ. ಈ ಸಲದ ನೆಂಟರು ಹೋಗ್ಲಿ," ಎನ್ನುವರು ಸಾಹೇಬರು. ನೆಂಟರು ಹೋಗುತ್ತಿದ್ದರು, ಹೊಸ ನೆಂಟರ ಸುದ್ದಿ ಬರುತ್ತಿತ್ತು. "ನೋಡಮ್ಮಾ, ಬಂದವರೆಲ್ಲ ಆ ಗೇಟಿನ ಹೆಂಗಸು ಎಲ್ಲಿ ಅಂತಲೇ ಮೊದಲು ಕೇಳ್ತಾರೆ. ನಿನ್ನ ಕಳಿಸಿ ನಾನೇನು ಗೇಟ್ ಕಿತ್ತು ತೋರಿಸ್ಲಾ?" ಹೀಗೆ ಮೂಗಿಗೆ ತುಪ್ಪ ಸವರುತ್ತಲೇ ಅವರು ವರ್ಷ ಕಳೆದರು.

ಆ ಕೇಂದ್ರಕ್ಕೆ ವರ್ಗವಾಗಿ ಹೋದವನು ಒಬ್ಬನೇ, ಗೊರಕೆ ಎಂದು ಹೆಸರಾಗಿದ್ದ ವಾಚ್‌ಮನ್. ಕೆಲಸದ ಹೊತ್ತಿನಲ್ಲಿ ಮಲಗಿ, ತನ್ನ ಬೆನ್ನ ಹಿಂದಿನ ಕಬ್ಬಿಣದ ಗೇಟೇ ಕಳುವಾದರೂ ಏಳದಿದ್ದವನು. ಶಿಕ್ಷೆಯೆಂದು ಅವನನ್ನು ಅಲ್ಲಿಗೆ ಎಸೆದಿದ್ದರು. ಒಮ್ಮೆ ಬಸ್ಸಿನಲ್ಲಿ ಸಿಕ್ಕಿದ, ಮೈ ತುಂಬಿಕೊಂಡು, ಕೆನ್ನೆ ಕೆಂಪೇರಿಸಿಕೊಂಡು. "ಅಕ್ಕಾ, ಅಲ್ಲಿ ನಿದ್ದೆ ಏನು ಚೆನ್ನಾಗಿ ಬರತ್ತೆ ಗೊತ್ತಾ!" ಎಂದ. ಅವತ್ತು ಬಸ್ಸಿನಲ್ಲೇ ಅವಳಿಗೆ ಜ್ಞಾನೋದಯವಾಯಿತು. ಇಲ್ಲಿ ಒಳ್ಳೆಯ ಕೆಲಸ ಮಾಡಿದವರನ್ನು ಬಿಡುವುದಿಲ್ಲ. ಬಿಡುಗಡೆ ಬೇಕೆಂದರೆ ತಪ್ಪು ಮಾಡಬೇಕು.

ತಪ್ಪು ಮಾಡಲು ಹೊರಟಳು. ಪಾಪ, ಅಭ್ಯಾಸ ಬೇಡವೇ? ಮಧ್ಯಾಹ್ನದವರೆಗೂ ಕೆಲಸಕ್ಕೆ ಹೋಗಲಿಲ್ಲ. ಸಾಹೇಬರು "ಅಕ್ಕನಿಗೆ ಸುಸ್ತಾಗಿದೆ" ಎಂದು ಟೀ ತರಿಸಿ ಕೊಟ್ಟರು. ಎಲ್ಲರೆದುರು ಅವರನ್ನೇ ತರಾಟೆಗೆ ತೆಗೆದುಕೊಂಡಳು. "ಸಿಟ್ಟು ಬಂದಾಗಲೂ ನಗ್ತಿರೋ ಹಾಗೇ ಕಾಣ್ತೀಯಮ್ಮಾ, ಅದೇ ನಿನ್ನ ಭಾಗ್ಯ," ಎಂದು ಅವರು ಹೊಟ್ಟೆಗೆ ಹಾಕಿಕೊಂಡರು. ನೆಂಟರ ಕಸದ ಎರಡು ಚೀಲ ಕಳೆದುಹೋದವೆಂದಳು. ಸಾಯಂಕಾಲದೊಳಗೆ ಎರಡು ಚೀಲ ಹೊಸ ಬಾಟಲಿ ಬಂದವು, ತೊಳೆಯುವ ಕೆಲಸ ಹೆಚ್ಚಾಯಿತು, ಅಷ್ಟೇ ಲಾಭ.

ಅಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡ ನೆಂಟರ ಸುದ್ದಿ ಬಂತು. ಮಿಷನ್ನು ಕೊಟ್ಟ ದೇಶದ ಹಿರಿಯ ಇಂಜಿನಿಯರ್ ಮೇಡಂ, ಬಿಳಿ ಕೂದಲಿನವರು, ತಾವೇ ಬರುತ್ತಾರೆ. ಪ್ಲಾಂಟಿಗೆ ಮುಂದೆಯೂ ನೆರವು ಕೊಡಬೇಕೇ, ಇಲ್ಲಿಗೇ ಕೈ ತೊಳೆದುಕೊಳ್ಳಬೇಕೇ ಎಂದು ಅವರೇ ತೀರ್ಮಾನಿಸುವವರು. ಸಾಹೇಬರಿಗೆ ಊಟ ಸೇರದಾಯಿತು. ಬೇಸಿಗೆ ಬಾಗಿಲಲ್ಲೇ ಇತ್ತು. ಗುಡ್ಡದ ತಲೆಯ ಮೇಲೆ ಆಗಲೇ ತೆಳ್ಳನೆಯ ಹೊಗೆ ಏಳತೊಡಗಿತ್ತು.

ಮೇಡಂ ಬರುವ ದಿನ ಬೆಳಗ್ಗೆ ಗಂಡನಿಗೆ ಮಾತ್ರೆ ಕೊಡುತ್ತ ಅವಳು ಹೇಳಿಯೇಬಿಟ್ಟಳು. "ಇವತ್ತು ನೆಂಟರಿಗೆ ನಿಜವಾದ ಕಸ ತೋರಿಸ್ತೀನಿ ರೀ. ನಿಮ್ಮ ಹಾರ್ನ್‌ಗೆ ಹೇಳಿದೀನಿ. ಗುಡ್ಡಕ್ಕೆ ಹೋಗೋ ಲೋಡು ತಂದು ನಮ್ಮ ಹೊಂಡಕ್ಕೇ ಸುರೀತಾರೆ. ಮಿಷನ್ ನಿಲ್ಲುತ್ತೆ, ಸಾಹೇಬರ ಮರ್ಯಾದೆ ಹೋಗುತ್ತೆ, ನನ್ನ ಅಲ್ಲಿಗೆ ಎಸೀತಾರೆ."

ಹಾರ್ನ್ ಎಂದರೆ ಗಂಡನ ಹಳೆಯ ಜೊತೆಗಾರ, ಲಾರಿ ಡ್ರೈವರ್. ಖಾಲಿ ರಸ್ತೆಯಲ್ಲೂ ಹಾರ್ನ್ ಹೊಡೆಯುವವನು.

ಗಂಡ ನಗಲು ಹೋಗಿ ಕೆಮ್ಮಿದ, ಕೆಮ್ಮು ನಿಂತ ಮೇಲೆ ಉಳಿದ ನಗುವನ್ನು ಮುಗಿಸಿದ. "ನಿನ್ನ ಕೈಲಿ ಆಗಲ್ಲ ಕಣೇ. ನೀನು ತಪ್ಪನ್ನೂ ತೊಳೆದು ಒಣಗಿಸಿ ಮಾಡೋಳು."

"ನೋಡ್ತಿರಿ."

"ನಿಜ ಹೇಳು, ಎಸೀತಾರಾ?" ಅವನ ದನಿಯಲ್ಲಿ ನಗುವಿರಲಿಲ್ಲ. ಇಷ್ಟು ದಿನ ಅವನು ಒಮ್ಮೆಯೂ ಹೋಗೋಣ ಎಂದು ಬಾಯಿ ಬಿಟ್ಟು ಕೇಳಿರಲಿಲ್ಲ.

"ಎಸೆದೇ ಎಸೀತಾರೆ," ಎಂದು ಟೋಪಿ ಹಾಕಿಕೊಂಡು ಹೊರಟಳು.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಮೇಡಂ ಬಂದರು, ಜೊತೆಗೆ ಮಾತು ತಿರುಗಿಸಿ ಹೇಳಲು ಒಬ್ಬ ದುಭಾಷಿ. ಫೋಟೋ ಅಕ್ಕನನ್ನು ಕಂಡು ಕೈ ಹಿಡಿದು ಕುಲುಕಿದರು. ಬೆಲ್ಟಿನ ಆಚೆ ಬದಿ ನಿಂತಿದ್ದ ನಾದಿನಿ, ಗಂಡನ ತಂಗಿ, ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು. ಈ ಮುಖದಲ್ಲೇನೋ ಇದೆ ಎಂದು ಅವಳಿಗೆ ವಾಸನೆ ಬಡಿದಿತ್ತು. ಸಾಹೇಬರು ಕೈಯೆತ್ತಿದರು. ಬೆಲ್ಟು ಶುರುವಾಯಿತು, ಅಷ್ಟರಲ್ಲಿ ಹೊರಗೆ ಹಾರ್ನು ಕೂಗಿತು. ಲಾರಿ ಹಿಮ್ಮುಖವಾಗಿ ಬಂದು ಹೊಂಡಕ್ಕೆ ಬೆನ್ನು ಕೊಟ್ಟು, ಇಡೀ ಒಂದು ಬಡಾವಣೆಯ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನೆಂಟರ ಕಸದ ಮೇಲೆ ಕಕ್ಕಿತು.

ನಾತ ಮೊದಲು ಬಂತು, ಕಸ ಆಮೇಲೆ. ಕಪ್ಪು ನೀರು ಸೋರುತ್ತ, ಸೊಳ್ಳೆಪರದೆ, ಕೊಳೆತ ಕುಂಬಳ, ಗಾಜಿನ ಚೂರು, ಯಾರದೋ ದಿಂಬು, ಮುದ್ದೆ ಮುದ್ದೆಯಾಗಿ ಬೆಲ್ಟು ಹತ್ತಿದವು. ದಿಂಬು ಸೊಳ್ಳೆಪರದೆಯನ್ನು ಸುತ್ತಿಕೊಂಡು ಮಿಷನ್ನಿನೊಳಗೆ ನುಗ್ಗಿತು. ಮಿಷನ್ನು ಒಮ್ಮೆ ಗುರುಗುಟ್ಟಿ, ನಡುಗಿ, ನಿಂತೇಹೋಯಿತು.

"ಯಾರು? ಯಾರು ಮಾಡಿಸಿದ್ದು ಇದನ್ನ?" ಸಾಹೇಬರ ಮುಖದಲ್ಲಿ ರಕ್ತವಿರಲಿಲ್ಲ.

"ನಾನು ಸಾರ್," ಎಂದಳು ಫೋಟೋ ಅಕ್ಕ. "ಬೇಕು ಅಂತಲೇ ಮಾಡಿಸ್ದೆ."

"ನಡಿ ಆಚೆ! ನಾಳೆಯಿಂದ ಈ ಪ್ಲಾಂಟಲ್ಲಿ ನಿನ್ನ ಮುಖ ಕಾಣಿಸಬಾರದು! ಆ ಹೊಲದ ಮಧ್ಯ ಹೋಗಿ ಬಿದ್ಕೋ ಗೊರಕೆ ಜೊತೆ!"

ಬೈಗುಳ ಇಷ್ಟು ಸಿಹಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಲಾರಿಯ ಕಿಟಕಿಯಲ್ಲಿ ಹಾರ್ನ್ ಹಲ್ಲು ಕಿರಿದು, ಇನ್ನು ಇಲ್ಲಿ ನಿಂತರೆ ತನ್ನ ಬೆನ್ನಿಗೂ ಏಟು ಬೀಳುತ್ತದೆಂದು ಗಾಡಿ ಓಡಿಸಿಕೊಂಡು ಹೋದ. ಅವಳು ಗವಸು ಬಿಚ್ಚತೊಡಗಿದಳು.

ಬಿಳಿ ಕೂದಲಿನ ಮೇಡಂ ಮಾತ್ರ ಮೂಗು ಮುಚ್ಚಲಿಲ್ಲ. ಒಂದು ಕಬ್ಬಿಣದ ಸರಳು ಕೇಳಿ ಪಡೆದು ಕಸವನ್ನು ಕೆದಕಿದರು. ಬಗ್ಗಿ ಮಿಷನ್ನಿನ ಬಾಯಲ್ಲಿ ಇಣುಕಿದರು. ಆಮೇಲೆ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ಜೋರಾಗಿ ನಕ್ಕರು.

ದುಭಾಷಿ ಬೆವರು ಒರೆಸಿಕೊಂಡು ಹೇಳಿದ. "ಮೇಡಂ ಹೇಳ್ತಿದಾರೆ, ನಮ್ಮವರು ಬಂದಾಗೆಲ್ಲ ಇಲ್ಲಿಯ ಕಸ ನಮ್ಮನೆ ಅಡುಗೆಮನೆಗಿಂತ ಚೊಕ್ಕಟವಾಗಿರ್ತಿತ್ತಂತೆ. ಅನುಮಾನ ಇತ್ತು, ಆದರೆ ಯಾರೂ ಒಳಗಿನದು ತೋರಿಸ್ಲಿಲ್ಲ. ನಮ್ಮ ಕಸಕ್ಕೆ ಮಾಡಿದ ಮಿಷನ್ನು ನಿಮ್ಮ ತಲೆಗೆ ಕಟ್ಟಿದೀವಿ, ತಪ್ಪು ನಮ್ಮದು. ಇದನ್ನ ತೆಗೆದು, ಈ ಕಸಕ್ಕೆ ಒಗ್ಗೋ ಅಂಥದ್ದು ಇಬ್ಬರೂ ಸೇರಿ ಮಾಡೋಣ. ಗುಡ್ಡಾನೂ ಕರಗಿಸೋಣ, ಅಂತ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದರು ಸಾಹೇಬರು ತಕ್ಷಣ. ಹೋದ ರಕ್ತ ಮುಖಕ್ಕೆ ವಾಪಸು ಬಂದಿತ್ತು. "ಈ ಪ್ರಯೋಗ ನಾವೆಲ್ಲ ಮಾತಾಡಿಕೊಂಡೇ ಮಾಡಿದ್ದು." ಎಂಥಾ ಮನುಷ್ಯ ನೋಡಿ!

ಮೇಡಂ ಅವರತ್ತ ತಿರುಗಲೂ ಇಲ್ಲ. ಫೋಟೋ ಅಕ್ಕನನ್ನೇ ನೋಡುತ್ತ ಮಾತಾಡಿದರು, ದುಭಾಷಿ ತಿರುಗಿಸಿದ. "ನಮ್ಮ ದೇಶದಲ್ಲಿ ನನ್ನ ಮೇಲಿನವರು ಕೇಳ್ತಾರೆ, ಇಷ್ಟು ವರ್ಷ ಸುಳ್ಳು ತೋರಿಸಿದವರನ್ನ ಮತ್ತೆ ಯಾಕೆ ನಂಬಬೇಕು ಅಂತ. ಒಬ್ಬಳು ಇದಾಳೆ, ಅವಳು ನಿಜ ತೋರಿಸ್ತಾಳೆ, ಇಲ್ಲಿಯ ಕೆಲಸ ಅವಳ ಕೈಲಿರುತ್ತೆ ಅಂದ್ರೆ ಅವರು ಒಪ್ಪಬಹುದು. ನೀವು ಇರ್ತೀರಾ?"

"ನಾನು ನಿಜ ತೋರಿಸೋಕೆ ಮಾಡ್ಲಿಲ್ಲ ಮೇಡಂ," ಎಂದಳು. "ಇಲ್ಲಿಂದ ಹೋಗೋಕೆ ಮಾಡ್ದೆ. ನನ್ನ ಗಂಡಂಗೆ ಉಸಿರಾಡೋಕೆ ಗಾಳಿ ಬೇಕು. ಆ ಗುಡ್ಡ ಅವರನ್ನ ತಿಂತಾ ಇದೆ. ನನ್ನ ಬಿಟ್ಟುಬಿಡಿ."

ದುಭಾಷಿ ಒಂದು ಮಾತೂ ಬಿಡದೆ ತಿರುಗಿಸಿದ. ಮೇಡಮ್ಮಿನ ಮುಖ ಇಳಿಯಿತು. ಬಕೆಟ್ಟಿನಿಂದ ಎದ್ದು ಬಂದು ಅವಳ ಬರಿಗೈ ಹಿಡಿದರು. "ಹೋಗಬೇಕಾದ್ರೆ ಹೋಗಿ. ಯಾರೂ ತಡೀಬಾರದು, ನಾನೇ ಹೇಳ್ತೀನಿ. ಆದರೆ ಆಮೇಲೆ ಇಲ್ಲಿಯ ಕೆಲಸಕ್ಕೆ ನಾನು ಮಾತು ಕೊಡಲಾರೆ. ಇದ್ರೆ, ಗುಡ್ಡ ಹೋಗುತ್ತೆ."

"ಯಾವಾಗ ಹೋಗುತ್ತೆ?"

ಮೇಡಂ ಮೆಲ್ಲಗೆ ಹೇಳಿದರು. ದುಭಾಷಿ ಇನ್ನೂ ಮೆಲ್ಲಗೆ ಹೇಳಿದ. "ಆರೇಳು ವರ್ಷ ಆಗಬಹುದು."

ಬೆಲ್ಟಿನ ಇಕ್ಕೆಲದ ಹೆಂಗಸರೆಲ್ಲ ಕೈ ಕಟ್ಟಿ ನಿಂತಿದ್ದರು. ಅವರೆಲ್ಲರ ಗುಡಿಸಲೂ ಗುಡ್ಡದ ಬುಡದಲ್ಲೇ. ನಾದಿನಿ ಬೆಲ್ಟು ದಾಟಿ ಹತ್ತಿರ ಬಂದಳು. ಅವಳ ಕಣ್ಣುಗಳು ಅಣ್ಣನನ್ನು ನೆನೆದು ಆಗಲೇ ತುಂಬಿಕೊಂಡಿದ್ದವು.

"ಅತ್ತಿಗೆ, ಹೋಗಬೇಡಿ ಅನ್ನೋಕೆ ನನಗೆ ಬಾಯಿಲ್ಲ. ಅವನು ನನ್ನ ಅಣ್ಣ," ಎಂದಳು. "ಆದರೆ ನನ್ನ ಮಕ್ಕಳೂ ಅಲ್ಲೇ ಮಲಗೋದು."

ಫೋಟೋ ಅಕ್ಕನಿಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಮೇಡಂ ಕೆಟ್ಟವರಾಗಿದ್ದರೆ ಬೈದು ಹೋಗಬಹುದಿತ್ತು. ನಾದಿನಿ ಜಗಳಗಂಟಿಯಾಗಿದ್ದರೆ ಕೈ ಕೊಡವಿ ಹೋಗಬಹುದಿತ್ತು. ಸಾಹೇಬರು ತಡೆದಿದ್ದರೆ ತಳ್ಳಿಕೊಂಡು ಹೋಗುತ್ತಿದ್ದಳು. ಬಾಗಿಲನ್ನು ಹಾರುಹೊಡೆದು, ಹೋಗು ತಾಯಿ ಎಂದು ಎಲ್ಲರೂ ದಾರಿ ಬಿಟ್ಟು ನಿಂತ ಮೇಲೆ ಕಾಲೇ ಏಳಲಿಲ್ಲ. ನಾದಿನಿಯ ಚಿಕ್ಕ ಮಗುವೂ ಈಚೆಗೆ ರಾತ್ರಿಯೆಲ್ಲ ಕೆಮ್ಮುವುದನ್ನು ಅವಳು ಬಲ್ಲಳು. ಆ ಕೆಮ್ಮು ಹೇಗೆ ಶುರುವಾಗಿ ಎಲ್ಲಿಗೆ ಹೋಗುತ್ತದೆಂದೂ ಬಲ್ಲಳು. ಬಿಚ್ಚಿದ ಗವಸು ಕೈಯಲ್ಲೇ ಇತ್ತು.

"ಇರ್ತೀನಿ," ಎಂದಳು. ಹೇಳಿದ ಮೇಲೆ ತನ್ನ ದನಿಯನ್ನು ತಾನೇ ದ್ವೇಷಿಸಿದಳು.

ಹೆಂಗಸರು ಅವಳನ್ನು ತಬ್ಬಿಕೊಂಡರು. ಸಾಹೇಬರು ಚಪ್ಪಾಳೆ ತಟ್ಟಿದರು. ಅವಳು ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದಳು. ದಾರಿಯುದ್ದಕ್ಕೂ ಗಂಡನಿಗೆ ಹೇಳಬೇಕಾದ ಮಾತನ್ನು ಜೋಡಿಸಿದಳು, ಕೆಡಿಸಿದಳು, ಜೋಡಿಸಿದಳು. ಸುಳ್ಳು ಹೇಳೋಣವೆಂದರೆ ನಡೆಯದು. ಗುಡ್ಡದಲ್ಲಿ ಎಷ್ಟಿದೆ, ಅದು ಇಳಿಯಲು ಎಷ್ಟು ಕಾಲ ಬೇಕು ಎಂದು ಅದನ್ನು ಕಟ್ಟಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತಳು. ಹಾಸಿಗೆ ಸುತ್ತಿ ಹಗ್ಗ ಬಿಗಿದಿತ್ತು. ಪಾತ್ರೆಗಳು ಒಂದು ಹಳೆಯ ಬೆಡ್‌ಶೀಟಿನಲ್ಲಿ, ಬಟ್ಟೆಗಳು ಇನ್ನೊಂದರಲ್ಲಿ, ಎರಡೂ ಗಂಟು ಕಟ್ಟಿ ಬಾಗಿಲ ಬಳಿ ತಂದಿಟ್ಟಿದ್ದವು. ಗೋಡೆಯ ಕನ್ನಡಿ ಕೂಡ ಇಳಿದಿತ್ತು. ಗಂಡ ಬರಿಯ ಮಂಚದ ತುದಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಕೂತಿದ್ದ. ಮುಖ ಬೆವರಿನಿಂದ ತೊಯ್ದಿತ್ತು, ಎದೆ ಏರಿಳಿಯುತ್ತಿತ್ತು, ಮದುಮಗನಂತೆ ಕಾಣುತ್ತಿದ್ದ.

"ಹಾರ್ನ್ ಬಂದು ಎಲ್ಲ ಹೇಳ್ದ," ಎಂದ, ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತ. "ಸಾಹೇಬರು... ಆಚೆ ನಡಿ ಅಂದ್ರಂತೆ. ಹೊಲದ ಮಧ್ಯ ಬಿದ್ಕೋ ಅಂದ್ರಂತೆ. ನಿನ್ನ ಕೈಲಿ ಆಗಲ್ಲ ಅಂದಿದ್ದೆ ನೋಡು... ನಾನೇ ಸೋತೆ ಕಣೇ. ಸಾಯಂಕಾಲ ಲಾರಿ ತರ್ತಾನೆ. ನೀನು ಬಂದು ಕಷ್ಟಪಡೋದು ಬೇಡ ಅಂತ... ಎಲ್ಲ ಕಟ್ಟಿಟ್ಟೆ."

ಅವನು ಅವಳ ಮುಖ ನೋಡಿದ, ನೋಡುತ್ತಲೇ ಇದ್ದ. ಅವಳ ಕೈಯಲ್ಲಿದ್ದ ಗವಸಿನ ಮೇಲೆ ಅವನ ಕಣ್ಣು ನಿಂತಿತು. ಬೆಲ್ಟು ಬಿಟ್ಟವರು ಗವಸು ಮನೆಗೆ ತರುವುದಿಲ್ಲ.

"ಎಷ್ಟು ದಿನ ಇರಬೇಕಂತೆ?" ಎಂದ.

"ಆರೇಳು ವರ್ಷದಲ್ಲಿ ಗುಡ್ಡಾನೇ ತೆಗೀತಾರಂತೆ ರೀ."

"ಹೂಂ," ಎಂದ ಅವನು. ಮೊಳೆ ಹೊಡೆದ ಕಿಟಕಿಯನ್ನು ನೋಡಿದ. ಆಮೇಲೆ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, "ನನ್ನ ಮಾತ್ರೆ ಪಾತ್ರೆ ಗಂಟಲ್ಲಿದೆ. ಅದನ್ನ ಮೊದಲು ತೆಗಿ," ಎಂದ.

ಅವಳು ನೆಲಕ್ಕೆ ಕೂತು ಗಂಟಿಗೆ ಕೈ ಹಾಕಿದಳು. ಅದು ಬಿಚ್ಚಲಿಲ್ಲ. ಒಂದು ಲೋಟ ಎತ್ತಿದರೂ ಏದುಸಿರು ಬಿಡುವವನು, ಎಲ್ಲಿಂದ ತಂದನೋ ಅಷ್ಟು ಶಕ್ತಿ, ಬಟ್ಟೆ ಹರಿಯುವ ಹಾಗೆ ಎಳೆದು ಬಿಗಿದಿದ್ದ. ಉಗುರು ಸೋತ ಮೇಲೆ ಅವಳು ಹಲ್ಲು ಹಚ್ಚಿದಳು.